ಹಳೇ ಟಿವಿ ಗೇಮು ಮೊಬೈಲಲ್ಲಿ ಇಬ್ರು ಒಟ್ಟಿಗೆ ಆಡ್ಲಿಕ್ಕೆ ಎಂತ ಮಾಡ್ಬೇಕು? ದೀಪಾವಳಿಗೆ ಅಕ್ಕ ಬರ್ತಾಳೆ

ನೀರ್ಚಾಲಿನವ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ ಹೇಳಿ.

ನಮ್ಮದು ಕಾಸರಗೋಡು, ಬದಿಯಡ್ಕ ಹತ್ರ ನೀರ್ಚಾಲು. 1996ರ ಬೇಸಿಗೆ ರಜೆಯಲ್ಲಿ ಸೋದರಮಾವ ಶಾರ್ಜಾದಿಂದ ಬರುವಾಗ ಒಂದು ಟಿವಿ ಗೇಮು ತಂದಿದ್ರು. ಬಿಳಿ-ಕೆಂಪು ಪೆಟ್ಟಿಗೆ, ಎರಡು ರಿಮೋಟು, ಒಂದು ಗನ್ನು, ಒಂದು ಹಳದಿ ಕ್ಯಾಸೆಟು, ಅದರಲ್ಲಿ ಕಾಂಟ್ರಾ, ಮಾರಿಯೋ, ಬಾತುಕೋಳಿ ಹೊಡಿಯುವುದು ಎಲ್ಲ ಉಂಟು. ನಂಗೆ ಆಗ ಎಂಟು ವರ್ಷ, ಅಕ್ಕನಿಗೆ ಹನ್ನೆರಡು. ಅಂಗಳದಲ್ಲಿ ಅಡಿಕೆ ಒಣಗ್ಲಿಕ್ಕೆ ಹಾಕಿದ ಮೇಲೆ ಮೋಡ ಬಂತಾ ಅಂತ ನೋಡುವ ಕೆಲಸ ನಮ್ಮಿಬ್ಬರದ್ದು, ಒಬ್ರು ಜಗಲಿಯಲ್ಲಿ ಕೂತ್ಕೊಳ್ಬೇಕು ಅಂತ ಅಮ್ಮನ ಆರ್ಡರು, ಆದ್ರೆ ಕಾಂಟ್ರಾ ಒಬ್ರೇ ಆಡಿದ್ರೆ ಎಂತ ಮಜ ಉಂಟು ಹೇಳಿ, ಇಬ್ರೂ ಒಳಗೆ ಕೂತು ಒಂದು ದಿನ ಅಂಗಳದ ಅಡಿಕೆ ಪೂರಾ ಚಂಡಿ ಆದದ್ದನ್ನು ಮನೆಯಲ್ಲಿ ಈಗಲೂ ಹೇಳ್ತಾರೆ.

ಅಕ್ಕ ಈಗ ಮಸ್ಕತ್ತಿನಲ್ಲಿ. ಈ ದೀಪಾವಳಿಗೆ ಮಗಳನ್ನು ಕರ್ಕೊಂಡು ಬರ್ತಾಳೆ, ಮಗಳಿಗೂ ಈಗ ಎಂಟೇ ವರ್ಷ. ಮೊನ್ನೆ ಫೋನಲ್ಲಿ ಅಕ್ಕನೇ ಕೇಳಿದ್ದು, ಆ ಗೇಮು ಉಂಟಾ ಈಗಲೂ ಅಂತ. ಅಟ್ಟದಿಂದ ಇಳಿಸಿ ನೋಡಿದೆ. ಅಡಾಪ್ಟರಿನ ವಯರು ಇಲಿ ಕಚ್ಚಿ ತುಂಡಾಗಿದೆ, ಬೇರೆ ಅಡಾಪ್ಟರ್ ಹಾಕಿದ್ರೆ ಲೈಟೂ ಬರುವುದಿಲ್ಲ, ಕ್ಯಾಸೆಟಿನ ಪಿನ್ನು ಹಸಿರು ಹಿಡಿದಿದೆ. ನಮ್ಮ ಕಡೆಯ ಮಳೆಗಾಲ ಗೊತ್ತುಂಟಲ್ಲ.

ಹಾಗಾಗಿ ಮೊಬೈಲಲ್ಲಿ ಎಮ್ಯುಲೇಟರ್, ಅಂದ್ರೆ ಹಳೇ ಮೆಷಿನಿನ ಹಾಗೇ ಕೆಲಸ ಮಾಡುವ ಆ್ಯಪ್, ಹಾಕಿ ನೋಡಿದೆ. ಗೇಮು ಬರ್ತದೆ, ಆದ್ರೆ ಆಡ್ಲಿಕ್ಕೆ ಆಗುವುದಿಲ್ಲ. ಸ್ಕ್ರೀನಿನ ಮೇಲೆ ಬಟನ್ ಒತ್ತುವಾಗ ಬೆರಳು ಜಾರ್ತದೆ, ಹಾರಿ ಗುಂಡು ಹೊಡಿಬೇಕು ಅಂದ್ರೆ ಒಂದೇ ಹೆಬ್ಬೆರಳಲ್ಲಿ ಎರಡು ಬಟನ್ ಒತ್ಬೇಕಲ್ಲ, ಬಟನ್ ಎಲ್ಲಿದೆ ಅಂತ ಬೆರಳಿಗೆ ತಾಗುವುದೇ ಇಲ್ಲ. ಆನ್‌ಲೈನಲ್ಲಿ ಒಂದು ಬ್ಲೂಟೂತ್ ಗೇಮ್‌ಪ್ಯಾಡ್ ತರಿಸಿದೆ, ಒತ್ತಿ ಒಂದು ಗಳಿಗೆ ಕಳೆದ ಮೇಲೆ ಹಾರ್ತದೆ, ಅಷ್ಟೊತ್ತಿಗೆ ಗುಂಡು ತಾಗಿ ಆಗಿರ್ತದೆ. ಟಿವಿಗೆ ಕಾಸ್ಟ್ ಮಾಡಿದ್ರೆ ಇನ್ನೂ ಲೇಟು. ಪ್ಲೇಸ್ಟೋರಲ್ಲಿ ಸಿಕ್ಕಿದ ಒಂದು ಆ್ಯಪ್ ಪ್ರತಿ ಸಲ ಸತ್ತಾಗ ಒಂದು ಜಾಹೀರಾತು ಹಾಕ್ತಿತ್ತು, ಕಾಂಟ್ಯಾಕ್ಟ್ ನೋಡ್ಲಿಕ್ಕೆ ಪರ್ಮಿಶನ್ ಕೇಳಿತು, ತೆಗೆದು ಹಾಕಿದೆ.

ಇನ್ನೊಂದು ವಿಷಯ ಕೇಳ್ಬೇಕು. ಗೇಮು ನನ್ನ ನೆನಪಿಗಿಂತ ಸ್ಪೀಡುಂಟು. ಹುಡುಗ ಓಡುವುದು, ಗುಂಡು ಬರುವುದು, ಮ್ಯೂಸಿಕ್ಕು, ಎಲ್ಲ. ಮೂವತ್ತು ವರ್ಷದ ಹಿಂದಿನ ನೆನಪು ತಪ್ಪಿರ್ಬಹುದು ಅಂತ ಅಂದ್ಕೊಂಡೆ, ಆದ್ರೆ ಆ ಮ್ಯೂಸಿಕ್ಕು ನನ್ನ ಕಿವಿಯಲ್ಲಿ ಅಚ್ಚು ಒತ್ತಿದ ಹಾಗೆ ಉಂಟು, ಇದು ಅದಲ್ಲ.

ಫೋನ್ ಆಂಡ್ರಾಯ್ಡ್, 6 ಜಿಬಿ ರ್‍ಯಾಮ್. ಮನೆಯಲ್ಲಿ ಆಂಡ್ರಾಯ್ಡ್ ಟಿವಿ ಉಂಟು. 2000 ರೂಪಾಯಿ ಒಳಗೆ ಆದ್ರೆ ಒಳ್ಳೇದು. ಇಬ್ರು ಒಟ್ಟಿಗೆ ಆಡ್ಬೇಕು, ಅದು ಮುಖ್ಯ.

ಉಪ್ಪಳ ಸೋಲ್ಡರ್

ನಮಸ್ಕಾರ ಅಣ್ಣ. ನಾನು ಉಪ್ಪಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ, ಸಂಜೆ ಅಂಗಡಿ ಮುಚ್ಚಿದ ಮೇಲೆ ನಾನೂ ನನ್ನ ತಮ್ಮನೂ ಇದನ್ನೇ ಆಡುವುದು, ಹಾಗಾಗಿ ಮಾಡಿ ನೋಡಿದ್ದನ್ನೇ ಹೇಳ್ತೇನೆ.

ಮೊದಲು, ಹೊಸ ಫೋನ್ ತೆಗೆಯುವ ಯೋಚನೆ ಮಾಡ್ಬೇಡಿ. ಆ ಪೆಟ್ಟಿಗೆಯೊಳಗೆ ಇದ್ದ ಪ್ರೊಸೆಸರ್ 1.79 ಮೆಗಾಹರ್ಟ್ಸ್, ರ್‍ಯಾಮ್ 2 ಕೆಬಿ. ಕೆಬಿ, ಎಂಬಿ ಅಲ್ಲ. ಇಡೀ ಸೂಪರ್ ಮಾರಿಯೋ ಬ್ರದರ್ಸ್ 40 ಕೆಬಿ, ನೀವು ವಾಟ್ಸಾಪಲ್ಲಿ ಕಳಿಸುವ ಒಂದು ಫೋಟೋದಷ್ಟೂ ಇಲ್ಲ. ಹತ್ತು ವರ್ಷ ಹಳೇ ಫೋನೂ ಅದನ್ನು ಆರಾಮಲ್ಲಿ ಓಡಿಸ್ತದೆ. ನಿಮ್ಮ ತೊಂದರೆ ಫೋನಿನ ಶಕ್ತಿಯದ್ದಲ್ಲ, ಬೆರಳಿನಿಂದ ಸ್ಕ್ರೀನಿನವರೆಗೆ ದಾರಿಯಲ್ಲಿ ಆಗುವ ತಡ.

ಲೆಕ್ಕ ಹೀಗೆ. ಗೇಮು ಸೆಕೆಂಡಿಗೆ 60 ಚಿತ್ರ ತೋರಿಸ್ತದೆ, ಅಂದ್ರೆ ಒಂದು ಚಿತ್ರಕ್ಕೆ 16-17 ಮಿಲಿಸೆಕೆಂಡು. ಬ್ಲೂಟೂತಿನಲ್ಲಿ ಸ್ವಲ್ಪ ಹೋಗ್ತದೆ, ಕಾಸ್ಟ್ ಮಾಡುವಾಗ ಫೋನು ಪ್ರತಿ ಚಿತ್ರವನ್ನು ವೀಡಿಯೋ ಮಾಡಿ ವೈಫೈಯಲ್ಲಿ ಕಳಿಸಿ ಟಿವಿ ಅದನ್ನು ಬಿಡಿಸಿ ತೋರಿಸ್ಬೇಕು, ಅಲ್ಲಿ ತುಂಬ ಹೋಗ್ತದೆ, ಮತ್ತೆ ಟಿವಿ ಬಣ್ಣ ಚಂದ ಮಾಡ್ಲಿಕ್ಕೆ ಹೋಗಿ ಇನ್ನಷ್ಟು ತಡ ಮಾಡ್ತದೆ. ಹಳೇ ಡಬ್ಬ ಟಿವಿಯಲ್ಲಿ ಇದು ಯಾವುದೂ ಇರ್ಲಿಲ್ಲ, ವಯರಲ್ಲಿ ಬಂದದ್ದು ಬಂದ ಹಾಗೇ ಸ್ಕ್ರೀನಿಗೆ ಬೀಳ್ತಿತ್ತು. ಅದಕ್ಕೇ ಆಗ ಒತ್ತಿದ ಕೂಡ್ಲೆ ಹಾರ್ತಿತ್ತು.

ಹಾಗಾಗಿ ಕಾಸ್ಟ್ ಬಿಡಿ, ಬ್ಲೂಟೂತ್ ಬಿಡಿ. ರೆಟ್ರೋಆರ್ಕ್ ಹಾಕಿ. ದುಡ್ಡಿಲ್ಲ, ಜಾಹೀರಾತಿಲ್ಲ, ಓಪನ್ ಸೋರ್ಸ್. ಆ್ಯಪ್ ಬರೀ ಚೌಕಟ್ಟು ಇದ್ದ ಹಾಗೆ, ಒಳಗೆ ಒಂದೊಂದು ಮೆಷಿನಿಗೆ ಒಂದೊಂದು ಕೋರ್ ಅಂತ ಡೌನ್‌ಲೋಡ್ ಮಾಡ್ಬೇಕು, ನಿಮಗೆ ಬೇಕಾದ್ದು ನೆಸ್ಟೋಪಿಯಾ ಅಥವಾ ಎಫ್‌ಸಿಇಯುಎಂಎಂ. ಮೆನು ಮೊದಲು ನೋಡುವಾಗ ತಲೆಬಿಸಿ ಆಗ್ತದೆ, ಎರಡು ದಿನದಲ್ಲಿ ಅಭ್ಯಾಸ ಆಗ್ತದೆ. ಅದು ಬೇಡ ಅಂದ್ರೆ ಲೆಮುರಾಯ್ಡ್ ಉಂಟು, ಫೋಲ್ಡರ್ ತೋರಿಸಿದ್ರೆ ಸಾಕು.

ಇಬ್ರು ಆಡ್ಲಿಕ್ಕೆ ವಯರಿನ ಯುಎಸ್‌ಬಿ ಗೇಮ್‌ಪ್ಯಾಡ್ ಎರಡು ತೆಗೊಳ್ಳಿ. ಫೋನಿಗೆ ಆದ್ರೆ ಒಂದು ಓಟಿಜಿ (ಫೋನಿಗೆ ಯುಎಸ್‌ಬಿ ಸಾಮಾನು ಸಿಕ್ಕಿಸುವ ಸಣ್ಣ ಕನೆಕ್ಟರ್), ಒಂದು ಸಣ್ಣ ಯುಎಸ್‌ಬಿ ಹಬ್, ಎರಡು ಪ್ಯಾಡ್ ಅದಕ್ಕೆ ಸಿಕ್ಕಿಸಿ. ಕೆಲವು ಫೋನಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಓಟಿಜಿ ಆನ್ ಮಾಡ್ಬೇಕು, ಸ್ವಲ್ಪ ಹೊತ್ತು ಬಿಟ್ರೆ ತನ್ನಷ್ಟಕ್ಕೇ ಆಫ್ ಆಗ್ತದೆ, ಪ್ಯಾಡ್ ಹಾಳು ಅಂತ ನನ್ನ ಅಂಗಡಿಗೆ ತಂದವರಿದ್ದಾರೆ. ಆದ್ರೆ ನಿಮ್ಮಲ್ಲಿ ಆಂಡ್ರಾಯ್ಡ್ ಟಿವಿ ಉಂಟಲ್ಲ, ರೆಟ್ರೋಆರ್ಕ್ ಸೀದಾ ಟಿವಿಗೇ ಹಾಕ್ಬಹುದು, ಪ್ಯಾಡ್ ಎರಡೂ ಟಿವಿಯ ಹಿಂದೆ ಯುಎಸ್‌ಬಿಗೆ. ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ರೆಟ್ರೋಆರ್ಕಿನಲ್ಲಿ ರನ್-ಅಹೆಡ್ ಅಂತ ಒಂದುಂಟು, ಅದನ್ನು 1ಕ್ಕೆ ಇಡಿ, ಗೇಮಿನ ಒಳಗಿನ ಒಂದು ಚಿತ್ರದಷ್ಟು ತಡವೂ ಹೋಗ್ತದೆ. ಟಿವಿಯ ಪ್ರೊಸೆಸರ್ ಎಳಿಯುವುದಿಲ್ಲ ಅಂತ ಕಂಡ್ರೆ ಮಾತ್ರ ತೆಗೆಯಿರಿ.

ಕ್ಯಾಸೆಟಿನ ಪಿನ್ನು ಹಸಿರು ಹಿಡಿದದ್ದಕ್ಕೆ ಊದ್ಬೇಡಿ ದಯವಿಟ್ಟು. ನಾವೆಲ್ಲ ಊದಿದವರೇ, ಆದ್ರೆ ಬಾಯಿಯ ಹಸಿಯಿಂದಲೇ ಪಿನ್ನು ಇನ್ನೂ ಕಿಲುಬು ಹಿಡಿಯುವುದು. ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ದ್ರಾವಣ, ಕಿವಿಗೆ ಹಾಕುವ ಹತ್ತಿ ಕಡ್ಡಿ, ಮೆಲ್ಲ ಉಜ್ಜಿ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ.

ಅಕ್ಕಲಕೋಟ ಬಸು

ನಮಸ್ಕಾರ್ರೀ ಎಲ್ಲಾರ್ಗೂ. ನಾ ಅಕ್ಕಲಕೋಟ ಕಡಿಯಾಂವ. ನೀರ್ಚಾಲಿನ ಅಣ್ಣಾವ್ರ ಸ್ಪೀಡಿನ ಮಾತಿಗಿ ಯಾರೂ ಉತ್ರಾ ಕೊಟ್ಟಿಲ್ಲ, ಅದನ್ನ ನಾ ಹೇಳ್ತೀನ್ರಿ, ಯಾಕಂದ್ರ ನನಗೂ ಹಿಂಗ ಆಗಿತ್ತು ಮತ್ತ ಇದರ ಬೆನ್ನ ಹತ್ತಿ ನಾ ಭಾಳ ದಿನಾ ತಿರುಗೀನಿ.

ನಿಮ್ಮ ನೆನಪು ತಪ್ಪಿಲ್ರಿ. ನಿಮ್ಮ ಕಿವಿ ಖರೇ ಐತಿ.

ಜಪಾನ್‌ದಾಗ, ಅಮೆರಿಕಾದಾಗ ಟಿವಿ ಸೆಕೆಂಡಿಗೆ 60 ಸಲ ಚಿತ್ರಾ ಬರದ್ರ, ನಮ್ಮ ಭಾರತದಾಗ, ಗಲ್ಫ್‌ದಾಗ ಇದ್ದದ್ದು ಪಾಲ್ ಸಿಸ್ಟಮ್, ಅದು 50 ಸಲ. ಫ್ಯಾಮಿಕಾಮ್ ಅನ್ನೋ ಅಸಲಿ ಮಷೀನು 1983ರಾಗ ಜಪಾನ್‌ದಾಗ ಬಂತು, ನಮ್ಮ ಮನಿಗಿ ಬಂದದ್ದು ಅದರ ನಕಲು. ಆ ನಕಲು ಮಾಡಿದವ್ರು ಜಪಾನಿನ ಗೇಮ್ ಹಂಗ ಇಟ್ಟು ಮಷೀನ್ ಮಾತ್ರ 50ರ ಟಿವಿಗಿ ಹೊಂದಿಸಿದ್ರು. ಗೇಮಿನ ಲೆಕ್ಕ ಎಲ್ಲಾ ಚಿತ್ರದ ಮ್ಯಾಲ ನಡೀತೈತ್ರಿ, ಒಂದು ಚಿತ್ರಕ್ಕ ಹುಡುಗ ಇಷ್ಟ ಹೆಜ್ಜಿ, ಗುಂಡು ಇಷ್ಟ ದೂರ ಅಂತ. ಸೆಕೆಂಡಿಗೆ ಹತ್ತು ಚಿತ್ರ ಕಮ್ಮಿ ಆದ್ವು ಅಂದ್ರ ಇಡೀ ಜಗತ್ತೇ ನಿಧಾನ ಆಗ್ತೈತಿ. ಅಲ್ಲಿ ಒಂದು ನಿಮಿಷದಾಗ ಮುಗಿಯೋ ದಾರಿ ನಿಮ್ಮ ಮನ್ಯಾಗ 72 ಸೆಕೆಂಡು ತಗೋತಿತ್ತು. ಈಗ ಎಮ್ಯುಲೇಟರ್ ತಾನಾಗಿ 60ರ ಲೆಕ್ಕ ಹಿಡೀತೈತಿ, ಅದಕ್ಕ ನಿಮಗ ಓಡಿದಂಗ ಕಾಣ್ತೈತಿ.

ಮ್ಯೂಸಿಕ್ಕಿನ ಮಾತು ಇನ್ನೂ ಚಂದ ಐತ್ರಿ. ಪ್ರೊಸೆಸರ್ ಸ್ಪೀಡ್ ಆ ನಕಲಿನಾಗ 1.77 ಮೆಗಾಹರ್ಟ್ಸ್, ಅಸಲಿಗಿ ಭಾಳ ಹತ್ರ. ಸ್ವರಾ ಹುಟ್ಟೋದು ಅದರಿಂದ, ಲಯ ಹುಟ್ಟೋದು ಚಿತ್ರದ ಲೆಕ್ಕದಿಂದ. ಅಂದ್ರ ಶ್ರುತಿ ಹೆಚ್ಚೂಕಮ್ಮಿ ಅದ, ತಾಳ ಮಾತ್ರ ಇಳದೈತಿ. ಅದಕ್ಕ ನಾವು ಕೇಳಿದ್ದು ಬೆಸೂರ ಅನ್ನಿಸಲಿಲ್ಲ, ಅದ ಹಾಡು ಆದ್ರ ಸಾವಕಾಶ.

ರಷ್ಯಾದಾಗ ಇಂಥದ್ದ ಒಂದು ನಕಲು 1992ರಾಗ ಬಂದಿತ್ತು, ಡೆಂಡಿ ಅಂತ ಹೆಸರು. ಎಮ್ಯುಲೇಟರ್ ಬರದವ್ರು ಈ ಲೆಕ್ಕಕ್ಕ ಅದರ ಹೆಸರನ್ನ ಇಟ್ಟಾರ. ಗೇಮ್ ಹಚ್ಚಿ, ರೆಟ್ರೋಆರ್ಕಿನ ಮೆನುದಾಗ ಕೋರ್ ಆಪ್ಷನ್ಸ್ ತಗೀರಿ, ರೀಜನ್ ಅಂತ ಇರ್ತೈತಿ, ಆಟೋ ಬದ್ಲಿ ಡೆಂಡಿ ಹಾಕ್ರಿ. ಪಾಲ್ ಅಂತಲೂ ಒಂದೈತಿ, ಅದು ಯುರೋಪಿನ ಅಸಲಿ ಮಷೀನಿಂದು, ಅದನ್ನ ಹಾಕಬ್ಯಾಡ್ರಿ, ಅದರಾಗ ಪ್ರೊಸೆಸರ್ ಲೆಕ್ಕ ಬ್ಯಾರೆ, ಶ್ರುತಿನೂ ಇಳೀತೈತಿ. ಫೋನಿನ ಸ್ಕ್ರೀನ್ 60 ಇದ್ರ 50 ಚಿತ್ರ ಅದರಾಗ ಸರಿಯಾಗಿ ಕೂಡಂಗಿಲ್ಲ, ಸರಿಯೋ ಮುಂದ ಸಣ್ಣ ಜಗ್ಗು ಕಾಣ್ತೈತಿ. ಟಿವಿದಾಗ 50 ಹರ್ಟ್ಸಿಗೆ ಇಡೋ ಸೆಟ್ಟಿಂಗ್ ಇದ್ರ ಅದೂ ಹೋಗ್ತೈತಿ.

ನಮ್ಮ ಕಡಿ ಮನ್ಯಾಗ ಇಂಥಾದ್ದು ಇರ್ಲಿಲ್ರಿ, ಸೊಲ್ಲಾಪುರಕ್ಕ ಮಾವನ ಮನಿಗಿ ಹ್ವಾದಾಗ ಪಾರ್ಲರ್‌ದಾಗ ಆಡಿದ್ದು. ರೂಪಾಯಿ ಕಾಯಿನ್ ಹಾಕಿ ಮುಸ್ತಫಾ. ಅದರ ಖರೇ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ 1993, ಹಳದಿ ಟೊಪ್ಪಿಗಿ ಹಾಕ್ಕೊಂಡಾಂವನ ಹೆಸರು ಮುಸ್ತಫಾ ಅಂತ ಇತ್ತು, ಅದ ಹೆಸರ್ಲೆ ಇಡೀ ಗೇಮ್ ಕರೀತಿದ್ವಿ. ಅದೂ ಫೋನಿನ್ಯಾಗ ಆಡ್ತೈತ್ರಿ, ಫೈನಲ್‌ಬರ್ನ್ ನಿಯೋ ಕೋರ್ ಬೇಕು, ಜಿಪ್ ಫೈಲ್ ಬಿಚ್ಚಬಾರ್ದು, ಕಾಯಿನ್‌ಗೆ ಸೆಲೆಕ್ಟ್ ಬಟನ್. ಮೂರು ಮಂದಿ ಕೂಡಿ ಆಡಬಹುದು.

ನೀರ್ಚಾಲಿನವ

ಬಸು ಅಣ್ಣ, ಈಗಷ್ಟೇ ಹಾಕಿ ನೋಡಿದೆ. ರಾತ್ರಿ ಹತ್ತೂವರೆ, ಮನೆಯಲ್ಲಿ ಎಲ್ಲ ಮಲಗಿದ್ದಾರೆ, ಇಯರ್‌ಫೋನ್ ಹಾಕಿ ಡೆಂಡಿ ಸೆಲೆಕ್ಟ್ ಮಾಡಿ ಗೇಮು ಶುರು ಮಾಡಿದೆ. ಮೊದಲನೇ ಸ್ಟೇಜಿನ ಮ್ಯೂಸಿಕ್ಕು ಬಂತು ನೋಡಿ. ಅದೇ. ಅದೇ ಅದು. ಚೆಂಡೆಗೆ ಕಾಲ ಇಳಿಸಿದ ಹಾಗೆ. ಆಡ್ಲೇ ಇಲ್ಲ ನಾನು, ಹುಡುಗನನ್ನು ಅಲ್ಲೇ ನಿಲ್ಲಿಸಿ ಮ್ಯೂಸಿಕ್ ಒಂದು ಸುತ್ತು ಪೂರಾ ಕೇಳಿದೆ. ಇದನ್ನು ನಂಗೆ ಯಾರೂ ಹೇಳ್ಲೇ ಇಲ್ಲ ಇಷ್ಟು ವರ್ಷ. ನಿಮಗೆ ದೊಡ್ಡ ನಮಸ್ಕಾರ.

ಅಕ್ಕನ ಫೋನು ಐಫೋನ್, ಅದರಲ್ಲಿ ಆಗ್ತದಾ?

ಹೊಸೂರು ಹುಡುಗ

ಐಫೋನಲ್ಲಿ 2024 ಏಪ್ರಿಲ್‌ವರೆಗೂ ಆ್ಯಪ್ ಸ್ಟೋರಲ್ಲಿ ಎಮ್ಯುಲೇಟರ್ ಬಿಡ್ತಾ ಇರ್ಲಿಲ್ಲ, ಆಮೇಲೆ ಬಿಟ್ರು, ಡೆಲ್ಟಾ ಅಂತ ಇದೆ, ಫ್ರೀ, ತುಂಬ ನೀಟಾಗಿದೆ, ಎನ್ಇಎಸ್ಸಿಂದ (ಫ್ಯಾಮಿಕಾಮಿಗೆ ಜಪಾನಿನ ಹೊರಗೆ ಇದ್ದ ಹೆಸರು) ಹಿಡಿದು ಗೇಮ್‌ಬಾಯ್, ಡಿಎಸ್‌ವರೆಗೂ ಆಡುತ್ತೆ. ರೆಟ್ರೋಆರ್ಕೂ ಅಲ್ಲಿ ಬಂದಿದೆ.

ನಾನು ಹೊಸೂರಲ್ಲಿ ಫ್ಯಾಕ್ಟ್ರಿ ಕೆಲಸ, ದಿನಾ ಬಸ್ಸಲ್ಲಿ ಹೋಗಿ ಬರೋದು ಒಂದೂವರೆ ಗಂಟೆ, ನನ್ನ ಗೇಮೆಲ್ಲ ಬಸ್ಸಲ್ಲೇ. ಎರಡೂ ಕಡೆಯಿಂದ ಫೋನನ್ನ ಹಿಡ್ಕೊಳ್ಳೋ ಪ್ಯಾಡ್ ಬರುತ್ತಲ್ಲ, ಟೈಪ್-ಸಿ ಪಿನ್ನಿಗೆ ನೇರ ಸಿಕ್ಕಿಸೋದು, ಅದು ತಗೊಳಿ ಅಂತ ನನ್ನ ಸಲಹೆ, ಬ್ಲೂಟೂತ್ ಥರ ಲೇಟ್ ಆಗಲ್ಲ, ಹಬ್ಬು ವಯರು ಅಂತ ಜಂಜಾಟನೂ ಇಲ್ಲ.

ಆದ್ರೆ ನಾನು ಬರೀತಿರೋದು ಸೇವ್ ವಿಷ್ಯಕ್ಕೆ. ದಯವಿಟ್ಟು ಎಲ್ಲರೂ ಓದಿ. ನಾನು ಹೋದ ವರ್ಷ ಯಾವುದೋ ಒಂದು ಫ್ರೀ ಆ್ಯಪಲ್ಲಿ ಪೋಕೆಮಾನ್ ಫೈರ್‌ರೆಡ್ ಆಡ್ತಿದ್ದೆ, 62 ಗಂಟೆ ಆಡಿದ್ದೆ, ಪ್ರತಿ ಸಲ ಇಳಿಯೋ ಸ್ಟಾಪ್ ಬಂದಾಗ ಆ್ಯಪಿನ ಸೇವ್ ಸ್ಟೇಟ್ ಒತ್ತಿ ಮುಚ್ತಿದ್ದೆ. ಒಂದಿನ ಆ್ಯಪ್ ಅಪ್‌ಡೇಟ್ ಆಯ್ತು, ಓಪನ್ ಮಾಡಿದ್ರೆ ಹಳೇ ಸ್ಟೇಟ್ ಲೋಡೇ ಆಗ್ಲಿಲ್ಲ. ಸರಿ ಅಂತ ಅನ್ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಅಷ್ಟೇ. ಎಲ್ಲ ಹೋಯ್ತು. ಆ್ಯಪ್ ತನ್ನ ಸ್ವಂತ ಫೋಲ್ಡರಲ್ಲಿ ಫೈಲ್ ಇಟ್ಟಿದ್ರೆ, ಆ್ಯಪ್ ತೆಗೆದಾಗ ಆಂಡ್ರಾಯ್ಡ್ ಆ ಫೋಲ್ಡರನ್ನೂ ಅಳಿಸಿಬಿಡುತ್ತೆ. ಆಂಡ್ರಾಯ್ಡ್ 11 ಆದ್ಮೇಲೆ ಆ ಫೋಲ್ಡರನ್ನ ಫೈಲ್ ಮ್ಯಾನೇಜರಲ್ಲಿ ತೆಗೆದು ಕಾಪಿ ಮಾಡೋದೂ ಕಷ್ಟ ಆಗಿದೆ. ಅವತ್ತು ಬಸ್ಸಲ್ಲಿ ಸೀಟ್ ಸಿಕ್ಕಿದ್ರೂ ಸುಮ್ಮನೆ ಕಿಟಕಿ ನೋಡ್ಕೊಂಡು ಬಂದೆ.

ಸೇವ್ ಸ್ಟೇಟ್ ಅಂದ್ರೆ ಆ ಕ್ಷಣದಲ್ಲಿ ಇಡೀ ಮೆಷಿನಿನ ಮೆಮೊರಿ ಹೇಗಿತ್ತೋ ಹಾಗೇ ಹಿಡಿದಿಡೋದು, ಎಮ್ಯುಲೇಟರ್ ಬದಲಾದ್ರೆ ಅದು ಓದಕ್ಕೆ ಬರಲ್ಲ. ಗೇಮಿನ ಒಳಗಿಂದ ಸೇವ್ ಮಾಡೋದು ಬೇರೆ, ಹಳೇ ಕ್ಯಾಸೆಟಲ್ಲಿ ಒಂದು ಪುಟ್ಟ ಬ್ಯಾಟರಿ ಹಾಕಿ ಉಳಿಸ್ತಿದ್ರಲ್ಲ ಅದರ ಥರ, ಅದು ಸಣ್ಣ ಫೈಲು, ಇನ್ನೊಂದು ಎಮ್ಯುಲೇಟರಿಗೆ ತಗೊಂಡು ಹೋದ್ರೂ ಸಾಮಾನ್ಯವಾಗಿ ಓಡುತ್ತೆ. ಬಸ್ ಇಳಿಯೋವಾಗ ಸ್ಟೇಟ್ ಒತ್ತಿ, ಆದ್ರೆ ದಿನಕ್ಕೊಂದ್ಸಲ ಗೇಮಿನ ಒಳಗೂ ಸೇವ್ ಮಾಡಿ. ಸೆಟ್ಟಿಂಗ್ಸಲ್ಲಿ ಡೈರೆಕ್ಟರಿ ಅಂತ ಹೋಗಿ ಸೇವ್ ಫೈಲ್ ನಿಮ್ಮದೇ ಒಂದು ಫೋಲ್ಡರಿಗೆ ಬೀಳೋ ಹಾಗೆ ಮಾಡಿ, ತಿಂಗಳಿಗೊಂದ್ಸಲ ಡ್ರೈವಿಗೆ ಹಾಕಿ. ಪಿಎಸ್‌ಪಿ ಗೇಮಿಗೆ ಪಿಪಿಎಸ್ಎಸ್‌ಪಿಪಿ ಅನ್ನೋ ಎಮ್ಯುಲೇಟರ್ ಹಾಕೋರಿಗೆ ಅದು ಶುರುನಲ್ಲೇ ಫೋಲ್ಡರ್ ಆರಿಸು ಅಂತ ಕೇಳುತ್ತೆ, ಸ್ಕಿಪ್ ಮಾಡ್ಬೇಡಿ.

ಇನ್ನೊಂದು ಮಾತು, ಫೋನ್ ಸ್ಕ್ರೀನ್ 90 ಹರ್ಟ್ಸಲ್ಲಿ ಇದ್ರೆ 60ಕ್ಕೆ ಇಳಿಸಿ. 60 ಚಿತ್ರನ 90 ಭಾಗಕ್ಕೆ ಸರಿಯಾಗಿ ಹಂಚಕ್ಕಾಗಲ್ಲ, ಸ್ಕ್ರೋಲ್ ಆಗುವಾಗ ನಡುಗುತ್ತೆ. 120 ಆದ್ರೆ ಪರವಾಗಿಲ್ಲ, ಎರಡೆರಡು ಸಲ ತೋರಿಸುತ್ತೆ.

ಉಪ್ಪಳ ಸೋಲ್ಡರ್

ಹೊಸೂರಿನವ್ರೇ, ಸೇವ್ ವಿಷಯ ಚಿನ್ನದಂಥ ಮಾತು ಹೇಳಿದ್ರಿ. ಆದ್ರೆ ಆ ಹಿಡಿಯುವ ಪ್ಯಾಡ್ ಒಬ್ರಿಗೆ ಸರಿ, ಅಣ್ಣನಿಗೆ ಬೇಕಾದ್ದು ಅಕ್ಕನೊಟ್ಟಿಗೆ ಆಡ್ಲಿಕ್ಕೆ. ಫೋನನ್ನೇ ಒಬ್ರ ಕೈಯಲ್ಲಿ ಬಂದಿ ಮಾಡಿದ್ರೆ ಇನ್ನೊಬ್ರು ಪಕ್ಕದಿಂದ ಇಣುಕಿ ನೋಡ್ಬೇಕಾಗ್ತದೆ. ವಯರು ಉದ್ದ ಇದ್ದಷ್ಟು ಒಳ್ಳೇದು, ಇಬ್ರೂ ನೆಲದಲ್ಲಿ ಚಾಪೆ ಹಾಕಿ ಕೂತ್ಕೊಳ್ಬಹುದು.

ಪೆರ್ಲದ ಪುಳ್ಳಿ

ಗೇಮ್ ಫೈಲ್ ಎಲ್ಲಿ ಸಿಗ್ತದೆ ಅಂತ ಲಿಂಕ್ ಹಾಕಿ ಯಾರಾದ್ರೂ

ಕುಂಬಳೆ ಎಲ್ಎಲ್‌ಬಿ

ಲಿಂಕ್ ಹಾಕ್ಬೇಡಿ ಅಂತ ನನ್ನ ವಿನಂತಿ. ಯಾಕೆ ಅಂತ ಹೇಳ್ತೇನೆ, ಯಾರಿಗೂ ಬೈಯ್ಲಿಕ್ಕೆ ಅಲ್ಲ.

ಎಮ್ಯುಲೇಟರ್ ಬೇರೆ, ಗೇಮು ಬೇರೆ. ಮೆಷಿನಿನ ಕೆಲಸವನ್ನು ತಾನೇ ಹೊಸದಾಗಿ ಬರೆದು ಅನುಕರಿಸುವ ಸಾಫ್ಟ್‌ವೇರಿಗೆ ಅಡ್ಡಿ ಇಲ್ಲ ಅನ್ನುವ ಕಡೆಗೇ 2000ದಲ್ಲಿ ಅಮೆರಿಕದ ಕೋರ್ಟು ತೀರ್ಪು ಕೊಟ್ಟದ್ದು, ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಕೇಸಿನಲ್ಲಿ. 2024ರಲ್ಲಿ ಯುಜು ಅನ್ನುವ ಎಮ್ಯುಲೇಟರ್ ಮುಚ್ಚಿತಲ್ಲ, ನಿಂಟೆಂಡೋಗೆ 24 ಲಕ್ಷ ಡಾಲರ್ ಕೊಟ್ಟು ರಾಜಿ ಆದದ್ದು, ಅದು ಇನ್ನೂ ಅಂಗಡಿಯಲ್ಲಿ ಮಾರ್ತಾ ಇದ್ದ ಸ್ವಿಚ್ ಮೆಷಿನಿನದ್ದು, ಲಾಕ್ ಒಡೆಯುವ ವಿಷಯ ಅದರಲ್ಲಿತ್ತು. ಹಾಗಾಗಿ ಅದನ್ನು ಕೇಳಿ ಎಲ್ಲ ಎಮ್ಯುಲೇಟರೂ ಕಾನೂನುಬಾಹಿರ ಅಂತ ಹೆದರುವುದು ಬೇಡ.

ಗೇಮಿಗೆ ಮಾತ್ರ ಕಾಪಿರೈಟ್ ಉಂಟು. ಹಳತಾಯ್ತು, ಕಂಪೆನಿ ಮಾರುವುದಿಲ್ಲ ಅಂದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಕಾನೂನು ಪ್ರಕಾರ ಹೊಂದಿದವನು ಅದು ಹಾಳಾಗದ ಹಾಗೆ ಕಾಪಾಡ್ಲಿಕ್ಕೆ ಬ್ಯಾಕಪ್ ಪ್ರತಿ ಮಾಡ್ಕೊಳ್ಬಹುದು ಅಂತ ಉಂಟು. ಅಂದ್ರೆ ನಿಮ್ಮ ಹತ್ರ ಅಸಲಿ ಡಿಸ್ಕ್ ಇದ್ರೆ ನೀವೇ ಕಂಪ್ಯೂಟರಿನಲ್ಲಿ ಕಾಪಿ ತೆಗೆದು ಇಟ್ಕೊಳ್ಳುವುದಕ್ಕೆ ಅದರಲ್ಲಿ ಆಧಾರ ಸಿಗ್ತದೆ. ಯಾರೋ ನೆಟ್ಟಿನಲ್ಲಿ ಹಾಕಿದ್ದನ್ನು ಇಳಿಸುವುದು ಆ ಮಾತಲ್ಲ. ಮತ್ತೆ ನೀರ್ಚಾಲಿನವ್ರೇ, ನೂರಾರು ಗೇಮು ತುಂಬಿದ ಆ ಹಳದಿ ಕ್ಯಾಸೆಟಿಗೇ ಲೈಸೆನ್ಸ್ ಇರ್ಲಿಲ್ಲ, ಅದು ನಮ್ಮ ಯಾರಿಗೂ ಆಗ ಗೊತ್ತಿರ್ಲಿಲ್ಲ ಅಷ್ಟೆ.

ಸರಿಯಾದ ದಾರಿಯೂ ಉಂಟು. ಕೊನಾಮಿಯೇ 2019ರಲ್ಲಿ ಕಾಂಟ್ರಾ ಆ್ಯನಿವರ್ಸರಿ ಕಲೆಕ್ಷನ್ ಅಂತ ಹೊರತಂದಿದೆ, ಪಿಸಿಗೆ ಸ್ಟೀಮಲ್ಲಿ ಸಿಗ್ತದೆ, ಸೇಲ್ ಬಂದಾಗ ಕಡಿಮೆಗೆ ಬರ್ತದೆ. ನಾನು ತೆಗೊಂಡಿದ್ದೇನೆ, ಲ್ಯಾಪ್‌ಟಾಪಿಂದ ಎಚ್‌ಡಿಎಂಐ ವಯರಲ್ಲಿ ಟಿವಿಗೆ ಕೊಟ್ರೆ ಮುಗಿಯಿತು. ಫೋನಿಗಾದ್ರೆ ಸೋನಿಕ್ ಸೇಗಾದವರದ್ದೇ ಉಂಟು, ಹಳೇ ಫೈನಲ್ ಫ್ಯಾಂಟಸಿಗಳು ಉಂಟು. ಎಮ್ಯುಲೇಟರಲ್ಲೇ ಆಡ್ಬೇಕು ಅಂದ್ರೆ ಈಗಿನವರು ಹಳೇ ಮೆಷಿನಿಗೇ ಹೊಸ ಗೇಮು ಬರೆದು ಫ್ರೀಯಾಗಿ ಬಿಟ್ಟದ್ದು ಉಂಟು. ಎನ್ಇಎಸ್ಸಿಗೆ ನೋವಾ ದ ಸ್ಕ್ವಿರಲ್, ಗೇಮ್‌ಬಾಯ್‌ಗೆ ಟೋಬು ಟೋಬು ಗರ್ಲ್. ಎರಡನೇದ್ದು ಒಮ್ಮೆ ಹಿಡಿದ್ರೆ ಬಿಡ್ಲಿಕ್ಕೆ ಮನಸ್ಸೇ ಬರುವುದಿಲ್ಲ.

ಮಂಜೇಶ್ವರ ಟೀಚರ್

ನಾನು ಹೆಚ್ಚು ಬರೆಯುವವಳಲ್ಲ, ಓದ್ತಾ ಇರ್ತೇನೆ. ಗನ್ನಿನ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಾ ಇದ್ದೇನೆ, ಮಗುವೂ ಬರ್ತದೆ ಅಂದ್ರಲ್ಲ.

ಆ ಗನ್ನು ಹೊಸ ಟಿವಿಯಲ್ಲಿ ಕೆಲಸ ಮಾಡುವುದೇ ಇಲ್ಲ, ಅದನ್ನು ನಾನು ಎರಡು ವರ್ಷದ ಹಿಂದೆ ಅಣ್ಣನ ಮನೆಯ ಸೆಟ್ಟಲ್ಲಿ ನೋಡಿದೆ. ಗನ್ನಿಂದ ಏನೂ ಹೊರಗೆ ಹೋಗುವುದಿಲ್ಲ, ಬೆಳಕು ಒಳಗೆ ಬರುವುದು. ಒತ್ತಿದ ಕೂಡ್ಲೆ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರ್ತದೆ, ಗನ್ನಿನ ಮೂತಿಗೆ ಆ ಬಿಳಿ ಕಂಡ್ರೆ ಗುರಿ ತಾಗಿತು ಅಂತ ಲೆಕ್ಕ. ಹೊಸ ಟಿವಿ ಆ ಚಿತ್ರವನ್ನು ತಡವಾಗಿ ತೋರಿಸ್ತದೆ, ಗನ್ನಿಗೆ ಸಮಯ ತಪ್ತದೆ.

ಫೋನಲ್ಲಿ ಚಂದ ಆಗ್ತದೆ. ಎಫ್‌ಸಿಇಯುಎಂಎಂ ಕೋರಿನ ಆಪ್ಷನ್ನಲ್ಲಿ ಝ್ಯಾಪರ್ (ಆ ಗನ್ನಿನ ಹೆಸರು) ಅಂತ ಇರುವುದನ್ನು ಟಚ್‌ಸ್ಕ್ರೀನ್ ಅಂತ ಬದಲಿಸಿದ್ರೆ ಬಾತುಕೋಳಿಯ ಮೇಲೆ ಬೆರಳು ಇಟ್ರೆ ಸಾಕು. ಎರಡನೇ ಪೋರ್ಟಿನ ಡಿವೈಸ್ ಝ್ಯಾಪರ್ ಅಂತ ಇರ್ಬೇಕು. ನನ್ನ ಅತ್ತೆಗೆ ಎಪ್ಪತ್ತೆರಡು ವರ್ಷ, ಹಪ್ಪಳ ಒತ್ತಿ ಕೂತ ಮಧ್ಯಾಹ್ನ ಮೊಮ್ಮಗನ ಜೊತೆ ಅದನ್ನು ಆಡಿದ್ರು. ಕೈಯಲ್ಲಿ ಎಣ್ಣೆ ಇದ್ದದ್ದರಿಂದ ಸ್ಕ್ರೀನ್ ಪೂರಾ ಮಂಜು ಆಗಿತ್ತು, ಆದ್ರೂ ಒಂದನ್ನೂ ಬಿಡ್ಲಿಲ್ಲ. ನಾಯಿ ಎದ್ದು ನಗುವುದನ್ನು ನೋಡ್ಲಿಕ್ಕೆ ಮಗ ಬೇಕಂತಲೇ ತಪ್ಪಿಸ್ತಿದ್ದ, ಅತ್ತೆಗೆ ಅದು ಸಹಿಸ್ಲಿಕ್ಕೆ ಆಗ್ತಿರ್ಲಿಲ್ಲ.

ನೀರ್ಚಾಲಿನವ

ದೀಪಾವಳಿ ಕಳೆದು ನಾಲ್ಕು ದಿನ ಆಯ್ತು, ಅಕ್ಕ ನಿನ್ನೆ ಹೋದಳು. ನಿಮಗೆಲ್ಲ ಹೇಳದೆ ಇರ್ಲಿಕ್ಕೆ ಆಗುವುದಿಲ್ಲ, ಹಾಗೆ ಬರೀತಾ ಇದ್ದೇನೆ.

ಉಪ್ಪಳದವ್ರು ಹೇಳಿದ ಹಾಗೆ ವಯರಿನ ಪ್ಯಾಡ್ ಎರಡು ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ರ ತೆಗೊಂಡೆ, ಎರಡಕ್ಕೂ ಸೇರಿ 900 ಆಯ್ತು. ಕುಂಬಳೆಯವ್ರು ಹೇಳಿದ ಕಲೆಕ್ಷನ್ನೂ ಭಾವನ ಲ್ಯಾಪ್‌ಟಾಪಿಗೆ ತೆಗೊಂಡೆವು, ಅವರು ಅವರಷ್ಟಕ್ಕೆ ಅದರಲ್ಲೇ ಕೂತಿದ್ರು. ಟಿವಿಯಲ್ಲಿ ರೆಟ್ರೋಆರ್ಕ್, ಗೇಮ್ ಮೋಡ್, 50 ಹರ್ಟ್ಸ್, ಡೆಂಡಿ. ಬ್ಲೂಟೂತ್ ಪ್ಯಾಡ್ ವಾಪಸು ತೆಗೊಳ್ಳುವುದಿಲ್ಲ ಅಂದ್ರು, ಅದು ಹೋದ ದುಡ್ಡು.

ಅಕ್ಕ ಬಂದ ದಿನ ರಾತ್ರಿಯೇ ಕೂತೆವು. ಟೈಟಲ್ ಬಂತು, ನಾನು ಸ್ಟಾರ್ಟ್ ಒತ್ಬೇಕು ಅನ್ನುವಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು, ತಡಿ ಅಂತ ಹೇಳಿ ನನ್ನ ಕೈಯಿಂದ ಪ್ಯಾಡ್ ತೆಗೊಂಡು ನೋಡದೇ ಒತ್ತಿದಳು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಇಬ್ರಿಗೆ ಅಂತ ಸೆಲೆಕ್ಟು, ಸ್ಟಾರ್ಟು. ಮೂವತ್ತು ಜೀವ. ನಂಗದು ಪೂರ್ತಿ ಮರೆತೇ ಹೋಗಿತ್ತು, ಬೆರಳು ಅವಳದ್ದು ಮರೆತಿರ್ಲಿಲ್ಲ. ಮಗಳು ಎರಡು ದಿನದಲ್ಲಿ ಅದನ್ನು ಮಗ್ಗಿ ಥರ ಬಾಯಿಪಾಠ ಮಾಡಿದ್ಲು, ಅಜ್ಜಿಯ ಹತ್ರ ಹೋಗಿ ಒಪ್ಪಿಸಿದ್ಲು.

ಮೂರನೇ ಸ್ಟೇಜು, ಜಲಪಾತ. ಆಡಿದವರಿಗೆ ಗೊತ್ತುಂಟು, ಒಬ್ರು ಬೇಗ ಮೇಲೆ ಹತ್ತಿದ್ರೆ ಸ್ಕ್ರೀನ್ ಅವರೊಟ್ಟಿಗೇ ಮೇಲೆ ಹೋಗ್ತದೆ, ಕೆಳಗಿದ್ದವನು ಸಾಯ್ತಾನೆ. ಸಣ್ಣದಿರುವಾಗ ಅದರಲ್ಲೇ ನಮಗೆ ಎಷ್ಟು ಜಗಳ ಆಗಿತ್ತು ಅಂದ್ರೆ ಅಪ್ಪ ಒಮ್ಮೆ ಪೆಟ್ಟಿಗೆಯನ್ನೇ ಕಪಾಟಿಗೆ ಹಾಕಿ ಬೀಗ ಹಾಕಿದ್ರು. ಈ ಸಲ ನಾನು ಎರಡು ಬಂಡೆ ಕೆಳಗೆ ಇದ್ದೆ, ಅವಳು ಮೇಲೆ ಒಂದು ಕಡೆ ನಿಂತು ಮೇಲಿಂದ ಬೀಳುವ ಕಲ್ಲು ತಪ್ಪಿಸ್ತಾ ತಪ್ಪಿಸ್ತಾ ಹೇಳಿದ್ದು, ಬಾ ಬಾ, ನಾನು ನಿಂತಿದ್ದೇನೆ. ಬಂದೆ. ಒಟ್ಟಿಗೇ ಹತ್ತಿದೆವು.

ಸೋದರಮಾವ ಈಗ ಗಲ್ಫ್ ಬಿಟ್ಟು ಊರಲ್ಲೇ ಇದ್ದಾರೆ, ಅವರನ್ನೂ ಕರೆದಿದ್ದೆವು. ಕುರ್ಚಿಯಲ್ಲಿ ಕೂತು ಸುಮಾರು ಹೊತ್ತು ನೋಡಿದ್ರು, ಆಮೇಲೆ ಕೇಳಿದ್ರು, ನಾನು ತಂದ ಪೆಟ್ಟಿಗೆ ಎಲ್ಲಿ ಅಂತ. ತಂದು ತೋರಿಸಿದೆ. ಮಡಿಲಲ್ಲಿ ಇಟ್ಕೊಂಡು ಪವರ್ ಸ್ವಿಚ್ಚು ಆಚೆ ಈಚೆ ಒತ್ತಿ ನೋಡಿದ್ರು, ಇದು ರಿಪೇರಿ ಆಗುವುದಿಲ್ವಾ ಅಂತ ಕೇಳಿದ್ರು.

ಉಪ್ಪಳದವ್ರೇ, ಆಗ್ತದಾ?

ಉಪ್ಪಳ ಸೋಲ್ಡರ್

ಲೈಟೇ ಬರುವುದಿಲ್ಲ ಅಂದ್ರೆ ಹೆಚ್ಚಾಗಿ ಹೋಗುವುದು ಸ್ವಿಚ್ಚು ಅಥವಾ 7805, ಒಳಗೆ ಒಂಬತ್ತು ವೋಲ್ಟನ್ನು ಐದಕ್ಕೆ ಇಳಿಸುವ ರೆಗ್ಯುಲೇಟರ್, ಮೂರು ಕಾಲಿನ ಸಣ್ಣ ಪಾರ್ಟು, ಹತ್ತಿಪ್ಪತ್ತು ರೂಪಾಯಿ. ಅಡಾಪ್ಟರ್ ಬೇರೆ ಹಾಕುವಾಗ ಪ್ಲಸ್ ಮೈನಸ್ ಉಲ್ಟಾ ಆದ್ರೂ ಹೋಗ್ತದೆ. ದೊಡ್ಡ ಐಸಿ ಹೋಗಿದ್ರೆ ಮಾತ್ರ ನನ್ನ ಕೈಯಲ್ಲಿ ಆಗುವುದಿಲ್ಲ, ಈಗಲೇ ಹೇಳ್ತೇನೆ. ಸೋಮವಾರ ತನ್ನಿ, ಅಡಾಪ್ಟರ್ ಕೂಡಾ, ಎಷ್ಟು ತುಂಡಾಗಿದ್ರೂ.

ನೀರ್ಚಾಲಿನವ

ಮಾವನೂ ಬರ್ತಾರಂತೆ. ಕ್ಯಾಸೆಟೂ ತರ್ಲಾ?

ಉಪ್ಪಳ ಸೋಲ್ಡರ್

ತನ್ನಿ ತನ್ನಿ. ಐಪಿಎ ನನ್ನಲ್ಲಿ ಉಂಟು. ಮೂಲೆಯಲ್ಲಿ ಒಂದು ಹಳೇ ಡಬ್ಬ ಟಿವಿಯೂ ಉಂಟು.